ಬೀಗರು ಹತ್ತಿದ ಬೋಟಿಗೆ ಡೈನಮೋನೋ, ಆಲ್ಟರ್ನೇಟರೋ

ಗಾಡಿಗಳ ಕರೆಂಟ್ ಕೆಲಸ ಮಾಡೋನು ನಗಬೇಕು ಅಂತ ಎಲ್ಲಿಗೂ ಹೋಗಬೇಕಾಗಿಲ್ಲ, ಅಂಗಡಿ ಬಾಗಿಲು ತೆಗೆದು ಕೂತರೆ ಸಾಕು. ದಾವಣಗೆರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಬಿಚ್ಚಿ ಕಟ್ಟುತ್ತಾ ಬಂದಿದ್ದೇನೆ. ನಕ್ಕಿದ್ದು ಬೇಕಾದಷ್ಟು, ಗಿರಾಕಿ ಹೋದ ಮೇಲೆ ಅಷ್ಟೇ. ಆದರೆ ಒಂದು ಬೋಟಿನ ದೆಸೆಯಿಂದ ಒಂದೇ ತಿಂಗಳಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಸ್ಪ್ಯಾನರ್ ಕೆಳಗಿಟ್ಟು ನಗಬೇಕಾಗುತ್ತೆ.

ಹಗುರ ಮಾಲು

ನಮ್ಮೂರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಒಬ್ಬ ಸಾಹುಕಾರರು ಜೀವನವೆಲ್ಲಾ ಮಂಡಕ್ಕಿ ವ್ಯಾಪಾರ ಮಾಡಿದವರು. ವ್ಯಾಪಾರ ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತರೆ ಹೊತ್ತು ಹೋಗಬೇಕಲ್ಲ? ಎಲ್ಲಿಂದಲೋ ಒಂದು ಹಳೇ ಡೀಸೆಲ್ ಬೋಟು ತಂದು ಕೊಂಡಜ್ಜಿ ಕೆರೆಗೆ ಇಳಿಸಿದರು. ಅದರ ಬ್ಯಾಟ್ರಿ ಎರಡು ದಿನಕ್ಕೊಮ್ಮೆ ಮಲಗುತ್ತಿತ್ತು. ನನಗೆ ಕರೆ ಬಂತು.

ಹೋಗಿ ನೋಡಿದೆ. ಎಂಜಿನ್ನಿಗೆ ನಮ್ಮಪ್ಪನ ಕಾಲದ ಡೈನಮೋ.

"ಸಾಹುಕಾರ್ರೆ, ಇದು ಎಂಜಿನ್ ಜೋರಾಗಿ ತಿರುಗಿದ್ರೆ ಮಾತ್ರ ಬ್ಯಾಟ್ರಿ ಚಾರ್ಜ್ ಮಾಡತೈತೆ. ನೀವು ನೋಡಿದ್ರೆ ಮೆಲ್ಲಗೆ ಹೋಗೋರು. ಮ್ಯಾಲೆ ಲೈಟು ಬೇಕು, ಹಾಡು ಬೇಕು. ಇದನ್ನ ತೆಗೆದು ಆಲ್ಟರ್ನೇಟರ್ ಹಾಕಿಸ್ರಿ. ಅದು ಮೆಲ್ಲಗೆ ಹೋದ್ರೂ ಚಾರ್ಜ್ ಕೊಡತೈತೆ," ಅಂದೆ.

ತೋರಿಸೋಕೆ ಅಂತ ಒಂದು ಆಲ್ಟರ್ನೇಟರ್ ಒಯ್ದಿದ್ದೆ. ಸಾಹುಕಾರರು ಒಂದು ಕೈಯಲ್ಲಿ ನಾನು ಬಿಚ್ಚಿಟ್ಟ ಡೈನಮೋ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ತೂಗಿ ನೋಡಿದರು. ಮುಖ ಹುಳ್ಳಗಾಯ್ತು.

"ಏನ್ರೀ ಮಿಸ್ತ್ರಿ, ಇಷ್ಟು ತೂಕದ ಮಾಲು ತೆಗೆದು ಈ ಹಗುರ ಮಾಲು ಹಾಕ್ತೀರಾ? ನನಗೇ ಟೋಪಿ?"

"ನೀವು ಹುಟ್ಟಿದಾಗಿಂದ ಮಾರಿದ್ದು ಮಂಡಕ್ಕಿ. ತೂಕದ ಮಾತು ನೀವು ಆಡಬಾರದ್ರಿ," ಅಂದೆ.

"ಅದಕ್ಕೇ ಹೇಳ್ತಿರೋದು," ಅಂದರು ಸಾಹುಕಾರರು, "ಹಗುರ ಮಾಲಿನ ಹಣೇಬರಹ ನನಗಿಂತ ಯಾರಿಗೆ ಗೊತ್ತೈತೆ?"

ಶಾಮಿಯಾನದ ಜನರೇಟರ್

ಹತ್ತು ದಿನ ಕಳೆದಿಲ್ಲ, ಸಾಹುಕಾರರೇ ಅಂಗಡಿಗೆ ಬಂದರು. ಜೊತೆಗೆ ಮಗಳು. ಆಕೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡೋ ಹುಡುಗಿ, ನನ್ನನ್ನು ಕಾಕಾ ಅಂತಾಳೆ.

"ಮಗಳಿಗೆ ಹದಡಿ ಕಡೆ ಸಂಬಂಧ ಬಂದೈತ್ರಿ. ಹುಡುಗ ತೋಟ, ಟ್ರ್ಯಾಕ್ಟರ್ ನೋಡ್ಕಂಡದಾನೆ. ಮುಂದಿನ ಭಾನುವಾರ ಬರ್ತಾರೆ. ಊಟ ಆದ್ಮ್ಯಾಲೆ ಬೋಟಿನಾಗೆ ಒಂದು ಸುತ್ತು ಹಾಕಿಸ್ತೀನಿ ಅಂತ ಬಾಯಿ ಬಿಟ್ಟೀನಿ. ಅದು ಕೆರೆ ಮಧ್ಯೆ ನಿಂತ್ರೆ ನನ್ನ ಮರ್ಯಾದಿ ಅಲ್ಲೇ ಮುಳುಗತೈತೆ."

ಮಗಳು ಮೆಲ್ಲಗೆ, "ಅಪ್ಪಾಜಿ, ಬೋಟು ಇರ್ಲಿ. ನಾನು ಹುಡುಗನ ಜೊತೆ ಅರ್ಧ ಗಂಟೆ ಮಾತಾಡಬೇಕು," ಅಂದಳು.

"ಏನೈತೆ ಮಾತಾಡೋಕೆ? ನಾವೆಲ್ಲಾ ಮಾತಾಡೀವಲ್ಲ! ಬೀಗರು ಏನ್ ತಿಳ್ಕಂತಾರೆ?" ಅಂತ ಅಲ್ಲಿಗೇ ಬಾಯಿ ಮುಚ್ಚಿಸಿದರು. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಕರೆಂಟ್ ಮಿಸ್ತ್ರಿ ಬೇರೆಯವರ ಮನೆ ವಿಷಯದಲ್ಲಿ ಬಾಯಿ ಹಾಕೋಕೆ ಆಗುತ್ತಾ?

ಮರುದಿನ ಕೆರೆಗೆ ಹೋದರೆ ನಾಲ್ಕು ಜನ ಏದುಸಿರು ಬಿಡುತ್ತಾ ಮದುವೆ ಮನೆಗೆ ತರೋ ಜನರೇಟರನ್ನು ಬೋಟಿಗೆ ಏರಿಸುತ್ತಿದ್ದಾರೆ. ಸಾಹುಕಾರರ ಗೆಳೆಯರದ್ದು ಶಾಮಿಯಾನದ ಅಂಗಡಿಯಂತೆ. "ನಿಮ್ಮ ಡೈನಮೋನೂ ಬ್ಯಾಡ, ಆಲ್ಟರ್ನೇಟರೂ ಬ್ಯಾಡ. ಇದು ಇಡೀ ಕಲ್ಯಾಣ ಮಂಟಪಕ್ಕೆ ಕರೆಂಟ್ ಕೊಡತೈತೆ, ಒಂದು ಬ್ಯಾಟ್ರಿ ಯಾವ ಲೆಕ್ಕ?" ಅಂದರು ಸಾಹುಕಾರರು.

ಬೋಟು ಒಂದು ಕಡೆ ವಾಲಿ, ನೀರು ಅಂಚಿಗೆ ನಾಲ್ಕು ಬೆರಳು ಬಾಕಿ ಇತ್ತು. ಒಳಗೆ ಕಾಲಿಡೋಕೆ ಜಾಗ ಇಲ್ಲ.

"ಸಾಹುಕಾರ್ರೆ, ಇನ್ನು ಬೀಗರು ಎಲ್ಲಿ ಕೂರ್ತಾರೆ?"

ತಲೆ ಕೆರೆದುಕೊಂಡು ಯೋಚನೆ ಮಾಡಿದರು. "ಕೆರೆ ದಂಡಿ ಮ್ಯಾಲೆ ಕುರ್ಚಿ ಹಾಕಿಸೋಣ ಬಿಡ್ರಿ. ಬೋಟ್ ಓಡೋದನ್ನ ನೋಡ್ತಾರೆ!"

ಅಭಿಷೇಕ

ಕೊನೆಗೂ ಸಾಹುಕಾರರು ಜನರೇಟರ್ ಇಳಿಸಿ ಆಲ್ಟರ್ನೇಟರಿಗೆ ಒಪ್ಪಿದರು. ಗುರುವಾರ ಹೊಸ ಆಲ್ಟರ್ನೇಟರ್ ಕೂರಿಸಿದೆ. ಎಂಜಿನ್ ಮೆಲ್ಲಗೆ ಓಡುವಾಗಲೂ ಎಷ್ಟು ಚೆಂದ ಚಾರ್ಜ್ ಆಗ್ತಿತ್ತು ಅಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳೋಣ ಅನ್ನಿಸ್ತು.

ಶನಿವಾರ ಮಧ್ಯಾಹ್ನ ಫೋನು. "ಮಿಸ್ತ್ರಿ, ನಿಮ್ಮ ಹಗುರ ಮಾಲು ಸತ್ತೈತೆ, ಬರ್ರಿ."

ಓಡಿದೆ. ಬೋಟಿನ ಹತ್ತಿರ ಹೋಗುತ್ತಿದ್ದಂಗೆ ಊದಿನಕಡ್ಡಿ ವಾಸನೆ. ಆಲ್ಟರ್ನೇಟರಿಗೆ ಮೂರು ಬೆರಳು ವಿಭೂತಿ, ಮೇಲೆ ಹೂವಿನ ಹಾರ. ಅಷ್ಟಾಗಿದ್ದರೆ ನಾನೇ ಕೈ ಮುಗೀತಿದ್ದೆ. ಬಿಚ್ಚಿದರೆ ಒಳಗೆ ಹಾಲು, ಮೊಸರು, ಜೇನುತುಪ್ಪ, ಬಾಳೆಹಣ್ಣಿನ ಚೂರು!

"ಹೊಸ ಮಷೀನು ಅಲ್ಲೇನ್ರಿ, ಪಂಚಾಮೃತದ ಅಭಿಷೇಕ ಮಾಡಿಸಿದೆ," ಅಂದರು ಭಕ್ತಿಯಿಂದ. "ಆಮ್ಯಾಲೆ ಎಂಜಿನ್ ಸ್ಟಾರ್ಟ್ ಮಾಡಿದ್ವಿ, ಸುಟ್ಟ ವಾಸನೆ ಬಂತು."

"ಅಯ್ಯೋ ಶಿವನೇ! ಕರೆಂಟಿನ ಸಾಮಾನಿಗೆ ಯಾರಾದ್ರೂ ಹಾಲು ಹೊಯ್ತಾರೇನ್ರಿ?"

ಸಾಹುಕಾರರಿಗೆ ನಿಜವಾಗಲೂ ಬೇಜಾರಾಯ್ತು. "ಹಳೇ ಡೈನಮೋಕ್ಕೂ ಹಿಂಗೇ ಮಾಡಿಸಿದ್ದೆ. ಅದು ಕುಡಿದು ಸುಮ್ಮನಿತ್ತಲ್ರಿ!"

ಭಾನುವಾರ

ಹೊಸ ಸಾಮಾನು ಸಿಗೋದು ಸೋಮವಾರ. ಹಳೇ ಡೈನಮೋನೇ ಮತ್ತೆ ಕಟ್ಟಿ, ಬ್ಯಾಟ್ರಿ ಫುಲ್ ಚಾರ್ಜ್ ಮಾಡಿಟ್ಟು, "ಏನೇ ಆಗ್ಲಿ, ನೀರಿನ ಮ್ಯಾಲೆ ಎಂಜಿನ್ ಮಾತ್ರ ಬಂದ್ ಮಾಡಬ್ಯಾಡ್ರಿ," ಅಂತ ಮೂರು ಸಲ ಹೇಳಿದೆ. ನಂಬಿಕೆ ಸಾಲದೆ ನಾನೂ ಬೋಟ್ ಹತ್ತಿ ಎಂಜಿನ್ ಪಕ್ಕ ಕೂತೆ.

ಬೀಗರಿಗೆ ಅಂತ ಸಾಹುಕಾರರು ಸೀಟುಗಳಿಗೆಲ್ಲ ಜಮಖಾನ ಹಾಸಿದ್ದರು. ಹುಡುಗ, ಅವನ ತಂದೆ ತಾಯಿ ಒಂದು ಕಡೆ. ಸಾಹುಕಾರರು, ಮಗಳು ಇನ್ನೊಂದು ಕಡೆ. ಹುಡುಗ ಮನೆಯಿಂದ ಹೊರಟಾಗಿಂದ ಬಾಯಿ ಬಿಟ್ಟಿರಲಿಲ್ಲ. ಹಾಡು ಜೋರಾಗಿತ್ತು, ಬಣ್ಣದ ಲೈಟು ಹಗಲಲ್ಲೂ ಮಿಣಮಿಣ ಅಂತಿತ್ತು. ಬೋಟು ಎಮ್ಮೆ ಹೋದಂಗೆ ಹೋಗುತ್ತಿತ್ತು. ಲೈಟು ಮಂಕಾಗ್ತಾ ಬಂದದ್ದರಲ್ಲೇ ಬ್ಯಾಟ್ರಿ ಇಳಿಯೋದು ಗೊತ್ತಾಗ್ತಿತ್ತು.

ಕೆರೆ ಮಧ್ಯೆ ಹೋದಾಗ ಹುಡುಗನ ತಾಯಿ ಚೀಲದಿಂದ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ತೆಗೆದರು. "ಗಂಗಮ್ಮಗೆ ಉಡಿ ತುಂಬಬೇಕು. ಈ ಗಡಗಡ ಸ್ವಲ್ಪ ನಿಲ್ಲಿಸ್ರಿ."

ನಾನು ಸಾಹುಕಾರರಿಗೆ ಕಣ್ಸನ್ನೆ ಮಾಡಿದೆ, ತಲೆ ಅಲ್ಲಾಡಿಸಿದೆ. ಬೀಗಿತಿ ಮೊದಲ ಸಲ ಕೇಳಿದ್ದಕ್ಕೆ ಇಲ್ಲ ಅನ್ನೋ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಎಂಜಿನ್ ಬಂದ್ ಮಾಡೇಬಿಟ್ಟರು.

ಪೂಜೆ ಮುಗೀತು. ಸೆಲ್ಫ್ ಒತ್ತಿದರೆ ಟಿಕ್ ಅಂತು, ಅಷ್ಟೇ. ಸಾಹುಕಾರರ ಮುಖ ಬಿಳುಚಿಕೊಂಡಿತು.

"ಹೆದರಬ್ಯಾಡ್ರಿ, ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಸ್ಟಾರ್ಟ್ ಆಗತೈತೆ. ಹ್ಯಾಂಡಲ್ ಎಲ್ಲೈತೆ?" ಅಂದೆ.

"ಇಲ್ಲೇ ಎಲ್ಲೋ ಇತ್ತಲ್ಲ!"

ಹಿರಿಯರೆಲ್ಲಾ ಎಂಜಿನ್ ಹತ್ತಿರ ಬಂದು ಹುಡುಕೋಕೆ ಶುರು ಮಾಡಿದರು. ಬೋಟು ಹಿಂದಕ್ಕೆ ವಾಲಿತು. "ಇಬ್ರು ಮುಂದಕ್ಕೆ ಹೋಗ್ರಿ!" ಅಂತ ಕೂಗಿದೆ. ಮಗಳು ತಟಕ್ಕನೆ ಎದ್ದು ಹುಡುಗನಿಗೆ, "ಬರ್ರಿ," ಅಂದಳು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು.

ಆಮೇಲೆ ಕೇಳಬೇಕಾ? ಹುಡುಗನ ತಂದೆ, "ಇದಕ್ಕೆ ಆಲ್ಟರ್ನೇಟರ್ ಹಾಕಿಸಬೇಕಿತ್ತು, ನಮ್ಮ ಟ್ರ್ಯಾಕ್ಟರಿಗೆ ಅದೇ ಐತೆ," ಅಂದರು. ಸಾಹುಕಾರರು, "ಡೈನಮೋದಾಗೆ ತೂಕ ಐತ್ರಿ ಬೀಗ್ರೆ," ಅಂದರು. ಸಂಬಂಧ ಕೂಡೋ ಮೊದಲೇ ಬೀಗರಿಬ್ಬರು ಏರುದನಿಯಲ್ಲಿ ಜಗಳಕ್ಕೆ ನಿಂತರು. ಮುಂದೆ ಮಾತ್ರ ಪಿಸಪಿಸ ಮಾತು. ಬಾಯಿ ಇಲ್ಲ ಅಂದುಕೊಂಡಿದ್ದ ಹುಡುಗ ಕೈ ಆಡಿಸಿ ಮಾತಾಡ್ತಿದ್ದ, ನಗ್ತಿದ್ದ.

ಸುಮಾರು ಮುಕ್ಕಾಲು ಗಂಟೆ ಆಗಿರಬೇಕು. ಮಗಳು ಎದ್ದು ನಿಂತು, ಜಮಖಾನ ಎತ್ತಿ, ಕೆಳಗಿಂದ ಮೊಳದುದ್ದದ ಕಬ್ಬಿಣದ ಹ್ಯಾಂಡಲ್ ತೆಗೆದು, "ಅಪ್ಪಾಜಿ, ಇದೇನಾ ನೋಡ್ರಿ," ಅಂದಳು. ಹುಡುಗನೇ ಬಂದು ನಾಲ್ಕು ಸುತ್ತು ತಿರುಗಿಸಿ ಎಂಜಿನ್ ಎಬ್ಬಿಸಿದ. ದಡ ಮುಟ್ಟೋದರೊಳಗೆ ಜಗಳ ಮರೆತು ಎರಡೂ ಕಡೆಯವರು ಮದುವೆಗೆ ಹೂಂ ಅಂದಾಗಿತ್ತು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಬೋಟು ಕಟ್ಟುವಾಗ ಮೆಲ್ಲಗೆ ಕೇಳಿದೆ, "ಏನವ್ವಾ, ಅಷ್ಟೊತ್ತು ಆ ಹ್ಯಾಂಡಲ್ ಮ್ಯಾಲೇ ಕುಂತಿದ್ದಿ, ಗೊತ್ತೇ ಆಗ್ಲಿಲ್ಲೇನು?"

"ಕುಂತ ಕೂಡ್ಲೇ ಗೊತ್ತಾತು ಕಾಕಾ, ಚುಚ್ಚತಾನೇ ಇತ್ತು," ಅಂದಳು. "ಆದ್ರೆ ಅವರನ್ನ ಕೇಳೋ ಪ್ರಶ್ನೆ ಇನ್ನೂ ಎರಡು ಬಾಕಿ ಇದ್ವು."