ಬಾಯಿ ಬಿಡುವ ಮೀನು

ಸೊಸೆಯನ್ನು ಆರಿಸುವಾಗ ಬಾಯಿ ಕಡಿಮೆ ಇರುವವಳನ್ನು ಹುಡುಕಬೇಕು, ಮೀನನ್ನು ಆರಿಸುವಾಗ ಬಾಯಿ ಜಾಸ್ತಿ ಇರುವುದನ್ನು ಹುಡುಕಬೇಕು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಸಂಸಾರ ಕಲಿಸಿದ ಪಾಠ ಇವೆರಡೇ. ಮೊದಲನೆಯದರಲ್ಲಿ ನಾನು ಫೇಲು ಎಂದು ನಮ್ಮ ಸೊಸೆ ಸರೋಜಳೇ ಬಾಯಿ ತುಂಬ ನಗುತ್ತಾ ಒಪ್ಪುತ್ತಾಳೆ. ಇದು ಎರಡನೆಯದರ ಕಥೆ.

ನಮ್ಮ ಮೊಮ್ಮಗಳು ಪುಟ್ಟಿಗೆ ಒಂದೂವರೆ ವರ್ಷ. ಅವಳ ಚೆಂದ ಬರೆಯಲು ಕೂತರೆ ಕಾಗದ ಸಾಲದು. ಇಡೀ ರಾಜಾಜಿನಗರದಲ್ಲಿ ಅಂಥ ಕೂಸು ಇನ್ನೊಂದಿದ್ದರೆ ಎತ್ತಿಕೊಂಡು ಬನ್ನಿ, ನೋಡೋಣ! ಕೊರತೆ ಒಂದೇ, ಅನ್ನ ಕಂಡರೆ ತುಟಿಗೆ ಬೀಗ. ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ ತೋರಿಸಿದೆ, ಗುಬ್ಬಿ ತೋರಿಸಿದೆ, ಜಟಕಾ ಕುದುರೆ ತೋರಿಸಿದೆ. ಕುದುರೆ ಬಾಯಿ ತೆರೆಯಿತು, ಇವಳು ತೆರೆಯಲಿಲ್ಲ. ಅಷ್ಟರಲ್ಲಿ ಸರೋಜಳ ತಾಯಿ, ಅಂದರೆ ನಮ್ಮ ಬೀಗಿತ್ತಿ, ಭಾನುವಾರ ಬರುವುದಾಗಿ ಕೆಂಗೇರಿಯಿಂದ ಹೇಳಿಕಳಿಸಿದರು. "ಮಗು ಸೊರಗಿದ್ರೆ ನಾನೇ ಕರ್ಕೊಂಡು ಹೋಗಿ ಒಂದಾರು ತಿಂಗಳು ಇಟ್ಕೋತೀನಿ" ಅಂತ ಬಾಲಂಗೋಚಿ ಬೇರೆ. ಆರು ತಿಂಗಳು! ಅಲ್ಲಿಯವರೆಗೆ ನಾನು ಯಾರ ಮುಖ ನೋಡಿಕೊಂಡಿರಲಿ, ನಮ್ಮ ಯಜಮಾನರದ್ದಾ?

ಆಗ ನನ್ನ ಮಗ, "ಡಾಕ್ಟರ ಶಾಪಲ್ಲಿ ಗಾಜಿನ ಪೆಟ್ಟಿಗೇಲಿ ಮೀನಿತ್ತಮ್ಮಾ. ಪುಟ್ಟಿ ನೋಡ್ಕೊಂಡು ಹಂಗೇ ಬಾಯಿ ಬಿಟ್ಕೊಂಡು ನಿಂತಿದ್ಲು" ಅಂದ. ಬಾಯಿ ಬಿಟ್ಟಳಾ! ನನಗೆ ಅಷ್ಟು ಸಾಕಾಯಿತು.

ಯಜಮಾನರು ಪೇಪರ್ ಕೆಳಗಿಳಿಸಿದರು. "ಮೊಟ್ಟೆ ಹೆಸರೇ ಎತ್ತದ ಮನೆಗೆ ಮೀನು ತರ್ತೀಯೇನೇ?"

"ತಿನ್ನೋಕಲ್ಲ ರೀ, ತಿನ್ನಿಸೋಕೆ" ಅಂದೆ.

ಮಗನ ಜೊತೆ ಮೀನಿನಂಗಡಿಗೆ ಹೋದರೆ ಅಂಗಡಿಯವನು ಮೊದಲೇ ಕೇಳಿದ್ದು, "ಯಾವ ಜಾತಿ ನೋಡ್ತೀರಮ್ಮಾ?"

"ನಾವು ಜಾತಿಗೀತಿ ನೋಡೋರಲ್ಲಪ್ಪಾ, ಬಾಯಿ ನೋಡ್ತೀವಿ."

ಅವನು ಮಗನ ಮುಖ ನೋಡಿದ. ಮಗ ಚಾವಣಿ ನೋಡಿದ. ನಾನು ಹೆಣ್ಣು ನೋಡಲು ಹೋದವಳ ಹಾಗೆ ಸ್ಟೂಲಿನ ಮೇಲೆ ಕೂತೆ. ಏಂಜಲ್ ಅನ್ನುವ ಮೀನು ಬಂತು. ಒಳ್ಳೆ ಮೈಮಾಟ, ಆದರೆ ಹೆಡ್‌ಮೇಡಮ್ಮನಂತೆ ಬಾಯಿ ಬಿಗಿ. ಗಪ್ಪಿಯ ಬಾಯಿ ಹುಡುಕಲು ನನ್ನ ಕನ್ನಡಕ ಸಾಲಲಿಲ್ಲ. ಫೈಟರ್ ಎಂಬುದು ತನ್ನ ಜಾತಿಯದೇ ಇನ್ನೊಂದು ಗಂಡು ಕಂಡರೆ ಹರಿದುಹಾಕುತ್ತದಂತೆ. ಅಂಥವರು ನಮ್ಮ ಯಜಮಾನರ ಕಡೆ ಬೇಕಾದಷ್ಟಿದ್ದಾರೆ, ಬೇಡ ಅಂದೆ. ಕಡೆಗೆ ಕಂಡದ್ದು ಗೋಲ್ಡ್ ಫಿಶ್. ಆಹಾ, ಏನು ಬಾಯಿ! ತೆರೆಯುತ್ತೆ, ಮುಚ್ಚುತ್ತೆ, ತೆರೆಯುತ್ತೆ, ಮುಚ್ಚುತ್ತೆ, ಜಪಕ್ಕೆ ಕೂತ ಹಾಗೆ. "ಇದೇ ನಮ್ಮನೆ ಹುಡುಗಿ" ಅಂತ ಒಂದು ಜೋಡಿ ಕಟ್ಟಿಕೊಡಲು ಹೇಳಿಬಿಟ್ಟೆ.

ಮನೆಗೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟೆವು. ಪುಟ್ಟಿಯನ್ನು ಮಣೆ ಮೇಲೆ ಕೂರಿಸಿ, ಪೆಟ್ಟಿಗೆಯ ಪಕ್ಕ ಅವಳಿಗೆ ಎದುರಾಗಿ ಕೂತು, "ನೋಡು ಪುಟ್ಟೀ, ಮೀನು ಹೆಂಗೆ ಆ… ಅಂತಿದೆ!" ಅಂದೆ. ಪುಟ್ಟಿ ಆ… ಅಂದಳು. ತುತ್ತು ಒಳಗೆ ಹೋಯಿತು! ಬಟ್ಟಲು ಖಾಲಿ! ಮೀನು ಆರಿಸುವ ನನ್ನ ಜಾಣತನವನ್ನು ನಲ್ಲಿ ಹತ್ತಿರ, ರೇಷನ್ ಕ್ಯೂನಲ್ಲಿ, ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ಹೇಳಿದೆ.

ಭಾನುವಾರ ಬೀಗಿತ್ತಿ ಬಂದು ಪುಟ್ಟಿಯ ಊಟ ನೋಡಲು ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಮನೆ ತುಂಬ ಗಲಾಟೆ. ಹೆದರಿದ ಎರಡು ಮೀನೂ ಪೆಟ್ಟಿಗೆಯೊಳಗಿನ ಗಿಡದ ಹಿಂದೆ ಹೋಗಿ ಅವಿತವು, ಬಾಲದ ತುದಿ ಕೂಡ ಕಾಣದು. ಗಾಜು ತಟ್ಟಿದೆ, ಬೇಡಿಕೊಂಡೆ, ಬೈದೆ. ಪುಟ್ಟಿಯ ಬಟ್ಟೆ ಗಂಟು ಕಟ್ಟಿ ಕೆಂಗೇರಿ ಬಸ್ಸು ಹತ್ತಿಸಿದ ಹಾಗೆಯೇ ಕಣ್ಣ ಮುಂದೆ ಬಂತು. ಕಡೆಗೆ ತುತ್ತು ಎತ್ತಿ, ರೂಢಿಯಂತೆ "ಆ…" ಅಂದೆ.

ಪುಟ್ಟಿ ಬಾಯಿ ತೆರೆದಳು. ಮತ್ತೆ ತೆರೆದಳು. ಬಟ್ಟಲು ಮುಗಿಯುವವರೆಗೂ ತೆರೆದಳು.

ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಲ್ಲಾ ಬೀಗಿತ್ತಿಯೋರೇ, ಮಗು ಮೀನು ಎಲ್ಲಿ ನೋಡ್ತಿದೆ? ನಿಮ್ಮ ಬಾಯಿ ನೋಡ್ತಿದೆ! ತುತ್ತಿಗೊಂದ್ಸಲ ನೀವು ಇಷ್ಟಗಲ ತೆರೀತೀರಲ್ಲಾ!" ಹೌದಲ್ಲ, ಸೊಂಟದ ಮೇಲಿದ್ದಾಗ ಕಾಗೆ, ಕುದುರೆಗಳ ಕಡೆ ತಿರುಗಿದ್ದ ಅವಳಿಗೆ ನನ್ನ ಮುಖವೇ ಕಾಣುತ್ತಿರಲಿಲ್ಲ.

"ಅಮ್ಮಾ, ಅತ್ತೆ ಬಾಯಿ ಈ ಮನೇಲಿ ಮುಚ್ಚಿದ್ದು ಯಾವಾಗ?" ಅಂದಳು ಸರೋಜ. ಯಜಮಾನರು ಪೇಪರಿನ ಹಿಂದೆ ಕುಲುಕಾಡುತ್ತಿದ್ದರು.

ಬೀಗಿತ್ತಿ ಒಬ್ಬರೇ ಬಸ್ಸು ಹತ್ತಿದರು. ಪುಟ್ಟಿ ನಮ್ಮಲ್ಲೇ ಉಳಿದಳು. ಈಗ "ಮೀನೆಲ್ಲಿ ಪುಟ್ಟೀ?" ಅಂತ ಯಾರಾದರೂ ಕೇಳಿದರೆ ಅವಳು ಪೆಟ್ಟಿಗೆಯ ಕಡೆ ತಿರುಗುವುದಿಲ್ಲ, ನೇರವಾಗಿ ಬಂದು ನನ್ನ ತುಟಿಗೆ ಬೆರಳಿಡುತ್ತಾಳೆ. ನಾನೂ ಮರ್ಯಾದೆಯಾಗಿ ತೆರೆಯುತ್ತೇನೆ, ಮುಚ್ಚುತ್ತೇನೆ.