ತಾರಸಿ ಮೇಲೆ ಅಂತರಗಂಗೆ

ಕೆರೆ ಮುಚ್ಚಿಬಿಡುವ ನೇರಳೆ ಹೂವಿನ ಕಳೆ ಅಂತರಗಂಗೆ. ಅದರ ದಂಟು ಒಣಗಿಸಿ ಬುಟ್ಟಿ ಹೆಣೆಯೋದು ನನ್ನ ಕೆಲಸ. ಈ ಕೆಲಸದಲ್ಲಿ ಪ್ರಸಂಗಗಳೂ ಕಳೆಯಷ್ಟೇ ಬೇಗ ಹಬ್ಬುತ್ತವೆ. ನನಗೆ ಮಾತು ಕಮ್ಮಿ. ಅದಕ್ಕೇ ಏನೋ, ಮಾತಾಡೋರೆಲ್ಲ ನನಗೇ ಸಿಗ್ತಾರೆ.

ಬೇರು

ಗುಬ್ಬಿ ಹತ್ತಿರದ ಕೆರೆಯೊಂದರಲ್ಲಿ ಕಳೆ ಕಿತ್ತು ಆಟೋಗೆ ತುಂಬ್ತಿದ್ದೆ. ಎಮ್ಮೆ ತೊಳೀತಿದ್ದ ತಾತ ಓಡಿ ಬಂದರು.

"ಯಾರವ್ವ ನೀನು? ನಮ್ಮೂರ್ ಕೆರೇದು ಕಿತ್ಕಂಡ್ ಹೋಗ್ತಿದೀಯಲ್ಲ!"

"ಇದು ಕಳೆ ತಾತ, ಕೆರೆ ಹಾಳು ಮಾಡತ್ತೆ."

"ಗೊತ್ತು ಕಣವ್ವ. ತೆಗೀರಪ್ಪ ಅಂತ ಪಂಚಾಯ್ತಿಗೆ ಅಲೆದು ನನ್ ಚಪ್ಪಲಿ ಸವೆದೋಯ್ತು."

ಬುಟ್ಟಿ ಮಾಡ್ತೀನಿ ಅಂದೆ. ತಾತ ಯೋಚಿಸಿದರು.

"ಹಂಗಾದ್ರೆ ತಗೊಂಡೋಗು. ಬೇರು ಮಾತ್ರ ಬುಡು. ಮುಂದಿನ್ ವರ್ಸ ನಿಂಗೇ ಬೇಕಾಗ್ತದೆ."

ತಾರಸಿ

ದಂಟು ಒಣಗೋದು ಸದಾಶಿವನಗರದ ನನ್ನ ಬಾಡಿಗೆ ಮನೆ ತಾರಸಿ ಮೇಲೆ. ಓನರ್ ಅಂಕಲ್‌ಗೆ ಆ ವಾಸನೆ ಆಗದು. "ತಿಂಗಳೊಳಗೆ ತಾರಸಿ ಖಾಲಿ ಮಾಡಮ್ಮ" ಅಂದರು. ತಾರಸಿ ಹೋದರೆ ನನ್ನ ಕೆಲಸವೇ ಹೋದಂಗೆ. ವಾದ ಮಾಡೋಕೆ ಬರಲ್ಲ. ಓನರ್ ಆಂಟಿಗೆ ಒಂದು ಬುಟ್ಟಿ ಕೊಟ್ಟೆ.

ಮಾರನೇ ದಿನ ನೋಡಿದರೆ ಅಂಕಲ್ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ದಂಟು ಮಗುಚಿ ಹಾಕ್ತಿದ್ದರು. "ನಿಮ್ಮಾಂಟಿ ಹೇಳಿದ್ಲು" ಅಂದರು, ನನ್ನ ಮುಖ ನೋಡದೆ.

ಇಂಪೋರ್ಟೆಡ್

ಕುಣಿಗಲ್‌ನಲ್ಲಿ ಸ್ಟಾಲ್ ಹಾಕಿದಾಗ ಆಂಟಿಯೂ ಬಂದರು. ನಾನು ಬೆಳಗ್ಗೆಯಿಂದ "ಇನ್ವೇಸಿವ್ ಸ್ಪೀಶೀಸ್, ದಕ್ಷಿಣ ಅಮೆರಿಕದ್ದು" ಅಂತ ಗೊಣಗಿ ಒಂದೂ ಮಾರಿರಲಿಲ್ಲ. ಆಂಟಿ ನನ್ನ ಪಕ್ಕಕ್ಕೆ ಸರಿಸಿ, "ಬನ್ರೀ, ಇಂಪೋರ್ಟೆಡ್ ಗಿಡದ್ದು!" ಅಂದರು. ಮಧ್ಯಾಹ್ನಕ್ಕೆ ಸ್ಟಾಲ್ ಖಾಲಿ. ಸುಳ್ಳು ಅನ್ನೋ ಹಾಗೂ ಇರಲಿಲ್ಲ.

ಹೊಂಡ

ಆ ಖುಷಿಯಲ್ಲಿ ಆಂಟಿ ಹೂ ಬಿಟ್ಟ ಎರಡು ಗಿಡ ಕೇಳಿದರು. ಬೇಡ ಆಂಟಿ, ಹಬ್ಬುತ್ತೆ ಅನ್ನಬೇಕಿತ್ತು. ತಾರಸಿ ನೆನಪಾಯ್ತು. ಸುಮ್ಮನೆ ಕೊಟ್ಟೆ.

ಮೂರು ತಿಂಗಳಾದ ಮೇಲೆ ಆಂಟಿ ನನ್ನನ್ನು ಹೆಬ್ಬೂರಿನಲ್ಲಿರೋ ತಮ್ಮ ತೆಂಗಿನ ತೋಟಕ್ಕೆ ಕರ್ಕೊಂಡು ಹೋದರು. ಕೃಷಿ ಹೊಂಡದಲ್ಲಿ ನೀರೇ ಕಾಣಲಿಲ್ಲ. ಪೂರ್ತಿ ನೇರಳೆ.

"ಸರ್‌ಪ್ರೈಸ್! ಕೆರೆ ಕೆರೆ ಅಲೀತೀಯಲ್ಲ ಪಾಪ, ನಿನಗೇ ಅಂತ ಬೆಳೆಸಿದೀನಿ ಕಣೇ. ಗೊಬ್ಬರಾನೂ ಹಾಕಿದೀನಿ."

ಪಂಪಿನ ಬಾಯಿಂದ ಬೇರು ಕೀಳ್ತಿದ್ದ ಅಂಕಲ್ ನನ್ನ ಕಡೆ ತಿರುಗಿದರು. ಮುಗೀತು ತಾರಸಿ ಅಂದ್ಕೊಂಡೆ.

"ತಾರಸಿ ನೀನೇ ಇಟ್ಕೊಳಮ್ಮ. ಆದ್ರೆ ಈ ಹೊಂಡ ಖಾಲಿ ಆಗೋವರೆಗೂ ನೀನು ಮನೆ ಖಾಲಿ ಮಾಡಂಗಿಲ್ಲ!"