ದುರ್ಬೀನು ಹಚ್ಚಿದ ಬಂದೂಕು

ನಿಜವಾಗಿ ಬೇಟೆಯಾಡಿದವರು ಬೇಟೆಯ ಮಾತೆತ್ತುವುದು ಕಡಿಮೆ; ಜಿರಳೆ ಕಂಡರೆ ಮಂಚ ಹತ್ತುವವರೇ ಬಂದೂಕಿನ ಬಗ್ಗೆ ಉಪನ್ಯಾಸ ಕೊಡುವುದು. ನನ್ನ ಹೆಂಡತಿಯ ತಮ್ಮ ಶ್ರೀಪಾದ ಈ ಎರಡನೆಯ ಜಾತಿಯವನು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುತ್ತಾನೆ. ಹೀಗಾಗಿ ಯಾವ ಪ್ರಶ್ನೆಗೂ ಅವನ ಬಳಿ ನಾಲ್ಕು ಉತ್ತರಗಳಿರುತ್ತವೆ, ಸರಿಯಾದದ್ದು ಯಾವುದೆಂದು ಮಾತ್ರ ಕೇಳಬಾರದು.

ಉಣಕಲ್ಲಿನ ನಮ್ಮ ಹಿತ್ತಲಿನ ಪೇರಲ ಗಿಡಕ್ಕೆ ಮಂಗಗಳ ಕಾಟ ಹೆಚ್ಚಾದಾಗ ನಾನು ಪಟಾಕಿ ಹಚ್ಚೋಣವೆಂದೆ. ಶ್ರೀಪಾದ ನಕ್ಕುಬಿಟ್ಟ. ಬೇಟೆಯ ರೈಫಲ್ಲಿಗೆ ಲೈಸೆನ್ಸು ಬೇಕು, ಬೇಟೆಗಂತೂ ಕಾನೂನೇ ಬಿಡದು. ನಮ್ಮಂಥವರ ಕೈಗೆಟುಕುವುದು ಏರ್‌ಗನ್ನು, ಆದರೆ ಅದಕ್ಕೆ ದುರ್ಬೀನು ಇರಲೇಬೇಕು ಎಂದು ಅಪ್ಪಣೆ ಕೊಡಿಸಿದ. ದೂರ, ಗಾಳಿ, ಗುರಿ ಎಂದು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಒದರಿದ. ನಮ್ಮ ಹಿತ್ತಲೆಂದರೆ ಈ ಮೂಲೆಯಲ್ಲಿ ಸೀನಿದರೆ ಆ ಮೂಲೆಗೆ ಹನಿ ಬೀಳುವಷ್ಟು.

ಏನು ಹೊಡೆಯಬೇಕೆಂದು ಗೋಕುಲ ರಸ್ತೆಯ ಅಂಗಡಿಯವನು ಕೇಳಿದ. ಹೊಡೆಯುವುದಿಲ್ಲ, ಬರೇ ಹೆದರಿಸುವುದು ಎಂದೆ.

"ಹೆದರ್ಸಾಕ ದುರ್ಬೀನ್ ಯಾಕ್ರೀ ಸರ?"

ಶ್ರೀಪಾದ ಅವನನ್ನು ಕನಿಕರದಿಂದ ನೋಡಿದ. ಅಗ್ಗದ್ದು ಬೇಕೆಂದು ಹೋದವರು ಅಗ್ಗದ ಬಂದೂಕಿಗೆ ಅದಕ್ಕಿಂತ ದುಬಾರಿ ದುರ್ಬೀನು ಹಚ್ಚಿಸಿಕೊಂಡು ಬಂದೆವು.

ಮನೆಯಲ್ಲಿ ಖಾಲಿ ಡಬ್ಬಿಗೆ ಗುರಿಯಿಟ್ಟೆ. ದುರ್ಬೀನಿನಲ್ಲಿ ಡಬ್ಬಿಯ ತುಕ್ಕು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಗುಂಡು ಮಾತ್ರ ಹೋಗಿ ನಮ್ಮದೇ ನೀರಿನ ಟಾಕಿಗೆ ಬಡಿಯಿತು. ಶ್ರೀಪಾದ ಹೊಡೆದದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಾಳಿ ಜಾಸ್ತಿ ಎಂದ. ಒಂದೆಲೆಯೂ ಅಲುಗುತ್ತಿರಲಿಲ್ಲ. ಇಷ್ಟಾದ ಮೇಲೂ ಈ ಮಹಾಶಯ ಓಣಿಯಲ್ಲೆಲ್ಲ ಸಾರಿ ಬಂದ: ಆಯುಧಪೂಜೆಯ ಖಂಡೇನವಮಿಯ ದಿನ ನಮ್ಮ ಮಾಮಾ, ಅಂದರೆ ನಾನು, ಮಂಗನ ಮೂತಿಯ ಮುಂದಿನ ಪೇರಲಕಾಯಿ ಉದುರಿಸುತ್ತಾರೆ, ಬನ್ನಿ. ಓಣಿಯಲ್ಲಿ ನನಗಿದ್ದದ್ದೇ ಒಂದಿಷ್ಟು ಮರ್ಯಾದೆ. ಅದೂ ಹೋಗುತ್ತದೆಂದು ನನಗೆ ಊಟ ಸೇರಲಿಲ್ಲ.

ನವಮಿಯ ದಿನ ಓಣಿಯೇ ಬಂದು ಕಂಪೌಂಡಿಗೆ ಒರಗಿ ನಿಂತಿತು. ಕೆಲಸವಿಲ್ಲದ ಜನಕ್ಕೆ ಇನ್ನೊಬ್ಬರ ಫಜೀತಿಗಿಂತ ದೊಡ್ಡ ಹಬ್ಬವಿಲ್ಲ. ಮಂಗಗಳೂ ಬಂದವು. ಬಂದೂಕು ತರಲು ಒಳಗೆ ಹೋದರೆ ಅದು ದೇವರ ಮುಂದೆ, ಈಳಿಗೆ ಮಣೆಯ ಪಕ್ಕದಲ್ಲಿ, ಚೆಂಡುಹೂ ಮುಡಿದು ಮಲಗಿತ್ತು. ದುರ್ಬೀನಿನ ಗಾಜಿನ ತುಂಬ ಕುಂಕುಮ.

"ಪೂಜಿಗಿಟ್ಟ ಆಯುಧ ಇವತ್ತ ಮುಟ್ಟಂಗಿಲ್ರಿ. ನಾಳೆ ಮುಂಜಾನಿ ತಗೋರಿ" ಎಂದಳು ಹೆಂಡತಿ, ಎಲ್ಲರಿಗೂ ಕೇಳುವಂತೆ.

ಶಾಸ್ತ್ರವೆಂದ ಮೇಲೆ ಓಣಿಯವರೂ ಹೌದೆಂದು ತಲೆಯಾಡಿಸಿದರು. ಇಲ್ಲವಾದರೆ ಇವತ್ತು ತೋರಿಸಿಬಿಡುತ್ತಿದ್ದೆವು ಎಂದು ಶ್ರೀಪಾದ ಕೊಚ್ಚಿಕೊಂಡ. ಅವನಿಗಿಂತ ದೊಡ್ಡ ದನಿಯಲ್ಲಿ ನಾನೂ ಅದನ್ನೇ ಹೇಳಿದೆ. ಜನ ಪ್ರಸಾದ ತಿಂದು ಹೋದರು, ಮಂಗಗಳು ಪೇರಲ ತಿಂದು ಹೋದವು.

ನಿನಗೆ ಶಾಸ್ತ್ರದ ಮೇಲೆ ಇಷ್ಟೊಂದು ಭಕ್ತಿ ಯಾವಾಗಿನಿಂದ ಎಂದು ಸಂಜೆ ಹೆಂಡತಿಯನ್ನು ಕೇಳಿದೆ.

"ಶಾಸ್ತ್ರ ಅಲ್ರಿ. ನೀವು ಗುರಿ ಹಿಡಿಯೂದು ನೋಡೇನಿ, ಅದಕ್ಕ ಇಟ್ಟೆ" ಎಂದಳು.

ನಾನು ಬಾಗಿಲ ಕಡೆ ನೋಡಿ, ಶ್ರೀಪಾದ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದೆ:

"ಆ ಪೂಜಿ ದೀಪಾವಳಿ ತನಕಾ ಇಡಾಕ ಬರತೈತೇನು?"